ಲಂಡನ್ನಿನಿಂದ ಪ್ಯಾರಿಸ್ಸಿಗೆ: ಹೊಸ್ತಿಲಿನಿಂದ ಹೊಸ್ತಿಲಿಗೆ ಒಂದು ಲೆಕ್ಕ

ದಾರಿಯ ಬಗ್ಗೆ ವಿಚಾರಿಸುವವರು ಎರಡು ಊರುಗಳ ನಡುವಣ ದೂರವನ್ನು ಕೇಳುತ್ತಾರೆ. ದಾರಿಯನ್ನು ಸವೆಸಿದವರು ಒಂದು ಮನೆಯ ಹೊಸ್ತಿಲಿನಿಂದ ಇನ್ನೊಂದು ಮನೆಯ ಹೊಸ್ತಿಲಿನವರೆಗೆ ಹಿಡಿಯುವ ಹೊತ್ತನ್ನು ಹೇಳುತ್ತಾರೆ. ಈ ಎರಡು ಲೆಕ್ಕಗಳ ಅಂತರವನ್ನು ಅರಿಯದೆ ಹೊರಟವರು, ಅದರಲ್ಲಿಯೂ ವಯೋವೃದ್ಧರು, ಪರದೇಶದಲ್ಲಿ ಬಳಲುವುದನ್ನು ನಾವು ಕಂಡಿದ್ದೇವೆ.

ಇಂದು ನಮ್ಮ ಸಮಾಜದ ಎಷ್ಟೋ ಮನೆತನಗಳ ಮಕ್ಕಳು ವಿದ್ಯೆ, ಉದ್ಯೋಗಗಳ ನಿಮಿತ್ತ ಲಂಡನ್ ನಗರದಲ್ಲಿ ನೆಲೆಸಿದ್ದಾರೆ. ಅವರ ಬಳಿಗೆ ಹೋಗುವ ತಂದೆತಾಯಿಗಳು ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ದರ್ಶನ ಪಡೆದು, ನಗರವನ್ನೆಲ್ಲ ಸುತ್ತಿದ ಮೇಲೆ, 'ಇಷ್ಟು ದೂರ ಬಂದಿದ್ದೇವೆ, ಪ್ಯಾರಿಸ್ಸನ್ನೂ ನೋಡಿಕೊಂಡು ಹೋಗೋಣ' ಎನ್ನುವುದು ಸಹಜ. ಹೇಗೆ ಹೋಗುವುದು ಲೇಸು ಎಂದು ನಮ್ಮನ್ನು ಕೇಳಿದವರು ಹಲವರು. ಆದುದರಿಂದ ರೈಲು, ವಿಮಾನ, ಬಸ್ಸು, ಕಾರು, ಹಡಗು ಎಂಬ ಐದು ಸಾಧನಗಳನ್ನೂ ಇಲ್ಲಿ ತೂಗಿ ನೋಡುತ್ತಿದ್ದೇವೆ.

ನಡುವೆ ಇರುವುದು ಸಮುದ್ರ

ಲಂಡನ್ನಿಗೂ ಪ್ಯಾರಿಸ್ಸಿಗೂ ನೇರ ರೇಖೆಯಲ್ಲಿ ಸುಮಾರು 340 ಕಿಲೋಮೀಟರ್. ರೈಲುಮಾರ್ಗದಲ್ಲಿ ಸುಮಾರು 490 ಕಿಲೋಮೀಟರ್. ಬೆಂಗಳೂರಿನಿಂದ ಬೆಳಗಾವಿಗೆ ಹೋದಂತೆ ಎಂದುಕೊಳ್ಳಬಹುದು. ಆದರೆ ಇವೆರಡರ ನಡುವೆ ಇಂಗ್ಲಿಷ್ ಕಡಲ್ಗಾಲುವೆ ಅಡ್ಡಬಿದ್ದಿದೆ. ಅತಿ ಕಿರಿದಾದ ಕಡೆಯಲ್ಲಿಯೂ ಅದರ ಅಗಲ ಸುಮಾರು 33 ಕಿಲೋಮೀಟರ್. ಈ ನೀರನ್ನು ದಾಟುವ ಬಗೆಯನ್ನು ಮನುಷ್ಯನು ಶತಮಾನಗಳಿಂದ ಹುಡುಕುತ್ತ ಬಂದಿದ್ದಾನೆ. 1785ರಲ್ಲಿ ಬ್ಲಾಂಷಾರ್ ಮತ್ತು ಜೆಫ್ರಿಸ್ ಎಂಬಿಬ್ಬರು ಬಲೂನಿನಲ್ಲಿ ದಾಟಿದರು. 1909ರಲ್ಲಿ ಬ್ಲೆರಿಯೋ ವಿಮಾನದಲ್ಲಿ ದಾಟಿದನು. 1919ರ ಆಗಸ್ಟ್ 25ರಂದು ಲಂಡನ್-ಪ್ಯಾರಿಸ್ ನಡುವೆ ನಿತ್ಯದ ವಿಮಾನಸಂಚಾರ ಆರಂಭವಾಯಿತು. 1936ರಿಂದ 1980ರವರೆಗೆ ಓಡಿದ 'ನೈಟ್ ಫೆರಿ' ಎಂಬ ರಾತ್ರಿರೈಲಿನ ಡಬ್ಬಿಗಳನ್ನು, ಮಲಗಿದ್ದ ಪ್ರಯಾಣಿಕರ ಸಮೇತ, ಹಡಗಿಗೇ ಏರಿಸಿ ಸಮುದ್ರವನ್ನು ದಾಟಿಸುತ್ತಿದ್ದರು!

ರೈಲು: ಕಡಲಿನ ಅಡಿಯ ಹಾದಿ

ಕಡಲಿನ ಅಡಿಯಲ್ಲಿ ಸುರಂಗ ತೋಡಬೇಕೆಂಬ ಯೋಜನೆಯನ್ನು ಫ್ರಾನ್ಸಿನ ಆಲ್ಬೆರ್ ಮಾತ್ಯು ಎಂಬ ತಂತ್ರಜ್ಞನು 1802ರಷ್ಟು ಹಿಂದೆಯೇ ಮುಂದಿಟ್ಟಿದ್ದನು. ಅದು ಕೈಗೂಡಿದ್ದು 1994ರ ಮೇ 6ರಂದು. ಅಂದು ಎರಡನೆಯ ಎಲಿಜಬೆತ್ ರಾಣಿ ಮತ್ತು ಫ್ರಾನ್ಸಿನ ಅಧ್ಯಕ್ಷ ಮಿತ್ತೆರಾಂ ಸುರಂಗವನ್ನು ಉದ್ಘಾಟಿಸಿದರು. ಅದರ ಒಟ್ಟು ಉದ್ದ 50 ಕಿಲೋಮೀಟರಿಗೂ ಮಿಗಿಲು. ಅದರಲ್ಲಿ ಸುಮಾರು 38 ಕಿಲೋಮೀಟರು ಸಮುದ್ರದ ಅಡಿಯಲ್ಲಿದೆ. ಹೋಗುವ ರೈಲಿಗೊಂದು, ಬರುವ ರೈಲಿಗೊಂದು, ನಡುವೆ ದುರಸ್ತಿಗೂ ಆಪತ್ತಿಗೂ ಒದಗುವ ಕಿರಿದಾದ ಇನ್ನೊಂದು, ಹೀಗೆ ಮೂರು ಸುರಂಗಗಳಿವೆ.

ಪ್ರಯಾಣಿಕರ ಯುರೋಸ್ಟಾರ್ ರೈಲು ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ಹೊರಟು ಪ್ಯಾರಿಸ್ಸಿನ ಗಾರ್ ದ್ಯು ನೋರ್ ನಿಲ್ದಾಣವನ್ನು ಸುಮಾರು 2 ಗಂಟೆ 20 ನಿಮಿಷಗಳಲ್ಲಿ ತಲುಪುತ್ತದೆ. ನೆಲದ ಮೇಲೆ ಗಂಟೆಗೆ 300 ಕಿಲೋಮೀಟರ್ ವೇಗ, ಸುರಂಗದೊಳಗೆ 160. ಸುರಂಗದಲ್ಲಿ ಕಳೆಯುವ ಹೊತ್ತು ಇಪ್ಪತ್ತು ನಿಮಿಷಕ್ಕೆ ತುಸು ಹೆಚ್ಚು. ಕಿಟಕಿಯಾಚೆ ಕತ್ತಲೆಯ ಹೊರತು ಬೇರೇನೂ ಕಾಣದು, ಭಯಪಡುವಂಥದ್ದೂ ಇಲ್ಲ.

ರೈಲಿನ ಹಿರಿಮೆ ಅದರ ವೇಗದಲ್ಲಿಲ್ಲ. ಎರಡು ನಿಲ್ದಾಣಗಳೂ ನಗರಗಳ ಒಡಲಲ್ಲಿಯೇ ಇರುವುದು ಅದರ ನಿಜವಾದ ಹಿರಿಮೆ. ಎರಡೂ ದೇಶಗಳ ಪಾಸ್‌ಪೋರ್ಟ್ ತಪಾಸಣೆ ರೈಲು ಹತ್ತುವ ಮುನ್ನವೇ ಮುಗಿಯುತ್ತದೆ. ಫ್ರಾನ್ಸಿನ ಅಧಿಕಾರಿಗಳು ಲಂಡನ್ನಿನಲ್ಲಿಯೇ ಕುಳಿತಿರುತ್ತಾರೆ. ಆದ್ದರಿಂದ ಪ್ಯಾರಿಸ್ಸಿನಲ್ಲಿ ಇಳಿದವರು ನೇರವಾಗಿ ಬೀದಿಗೆ ನಡೆಯಬಹುದು. ಸಾಮಾನ್ಯ ದರ್ಜೆಯ ಪ್ರಯಾಣಿಕರು ಎರಡು ಪೆಟ್ಟಿಗೆ, ಒಂದು ಕೈಚೀಲ ಒಯ್ಯಬಹುದು, ತೂಕದ ಕಟ್ಟಳೆಯಿಲ್ಲ. ಆದರೆ ಅವುಗಳನ್ನು ನಾವೇ ಎತ್ತಿಡಬೇಕಾಗುತ್ತದೆಂಬುದನ್ನು ಹಿರಿಯರು ನೆನಪಿಡಬೇಕು. ಹೊರಡುವ ಹೊತ್ತಿಗೆ ಅರ್ಧ ಗಂಟೆ ಮುಂಚಿತವಾಗಿ ದ್ವಾರ ಮುಚ್ಚುವುದರಿಂದ ಒಂದೂವರೆ ಗಂಟೆ ಮೊದಲೇ ನಿಲ್ದಾಣ ಸೇರುವುದು ಲೇಸು.

ರೈಲಿಗೂ ಕೊರತೆಯಿದೆ. ದಿನ ಸಮೀಪಿಸಿದಂತೆ ದರ ಏರುತ್ತ ಹೋಗುತ್ತದೆ. ಮುಂದಾಗಿ ಕಾದಿರಿಸಿದವರಿಗೂ ಕೊನೆಯ ವಾರದಲ್ಲಿ ಕೊಂಡವರಿಗೂ ಅಜಗಜಾಂತರ. ಇರುವುದು ಒಂದೇ ಹಾದಿಯಾದ್ದರಿಂದ ಅಲ್ಲಿ ತೊಡಕಾದರೆ ಎಲ್ಲ ರೈಲುಗಳೂ ನಿಲ್ಲುತ್ತವೆ. 2009ರ ಡಿಸೆಂಬರಿನ ಕೊರೆವ ಚಳಿಯಲ್ಲಿ ಐದು ರೈಲುಗಳು ಸುರಂಗದೊಳಗೆ ಕೆಟ್ಟು ನಿಂತು, ಸುಮಾರು ಎರಡು ಸಾವಿರ ಮಂದಿ ಇರುಳೆಲ್ಲ ಸಿಕ್ಕಿಕೊಂಡಿದ್ದರು.

ವಿಮಾನ: ಒಂದು ಗಂಟೆಯ ಹಾರಾಟ, ಅರ್ಧ ದಿನದ ಪ್ರಯಾಣ

ಹೀಥ್ರೂ ನಿಲ್ದಾಣದಿಂದ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ವೇಳಾಪಟ್ಟಿಯ ಪ್ರಕಾರ ಸುಮಾರು 1 ಗಂಟೆ 20 ನಿಮಿಷ. ಇದನ್ನು ಕಂಡು ವಿಮಾನವೇ ಬೇಗ ಎಂದು ನಂಬುವವರು ಬಹಳ. ಲೆಕ್ಕ ಹಾಕಿ ನೋಡೋಣ. ನಗರಮಧ್ಯದ ಮನೆಯಿಂದ ಹೀಥ್ರೂ ತಲುಪಲು ಒಂದು ಗಂಟೆ. ಎರಡು ಗಂಟೆ ಮುಂಚಿತವಾಗಿ ಅಲ್ಲಿರಬೇಕು. ಹಾರಾಟ ಒಂದು ಗಂಟೆ ಇಪ್ಪತ್ತು ನಿಮಿಷ. ಇಳಿದ ಮೇಲೆ ಪಾಸ್‌ಪೋರ್ಟಿನ ಸಾಲು, ಪೆಟ್ಟಿಗೆಗಾಗಿ ಕಾಯುವುದು, ಒಟ್ಟು ಮುಕ್ಕಾಲು ಗಂಟೆ. ಆ ನಿಲ್ದಾಣವು ಪ್ಯಾರಿಸ್ಸಿನಿಂದ ಸುಮಾರು 25 ಕಿಲೋಮೀಟರ್ ದೂರವಿರುವುದರಿಂದ ಊರೊಳಗೆ ಬರಲು ಮತ್ತೊಂದು ಗಂಟೆ. ಕೂಡಿದರೆ ಆರು ಗಂಟೆಯಾಯಿತು. ರೈಲಿಗೂ ಇದೇ ಲೆಕ್ಕ ಹಾಕಿದರೆ, ನಿಲ್ದಾಣಕ್ಕೆ ಮುಕ್ಕಾಲು ಗಂಟೆ, ಅಲ್ಲಿ ಕಾಯುವುದು ಒಂದೂವರೆ, ಪ್ರಯಾಣ ಎರಡು ಗಂಟೆ ಇಪ್ಪತ್ತು ನಿಮಿಷ, ಅಲ್ಲಿಂದ ವಸತಿಗೆ ಅರ್ಧ ಗಂಟೆ. ಒಟ್ಟು ಐದು ಗಂಟೆಯ ಆಸುಪಾಸು.

ಆದರೆ ವಿಮಾನವನ್ನು ತಳ್ಳಿಹಾಕುವಂತಿಲ್ಲ. ಮಕ್ಕಳ ಮನೆ ಹೀಥ್ರೂವಿಗೆ ಸಮೀಪದ ಹೌನ್ಸ್‌ಲೋ, ಸ್ಲೌಗಳಲ್ಲಿದ್ದರೆ ಲೆಕ್ಕ ತಿರುವುಮುರುವಾಗುತ್ತದೆ. ಪ್ಯಾರಿಸ್ಸಿನಿಂದ ಬೇರೆ ವಿಮಾನ ಹಿಡಿದು ತಾಯ್ನಾಡಿಗೆ ಮರಳುವವರಿಗೂ ವಿಮಾನವೇ ಅನುಕೂಲ. ಅಗ್ಗದ ಟಿಕೇಟನ್ನು ಕೊಳ್ಳುವಾಗ ಮಾತ್ರ ಪೆಟ್ಟಿಗೆಯ ಶುಲ್ಕವನ್ನೂ, ಅದು ಲೂಟನ್ನಿನಂತಹ ದೂರದ ನಿಲ್ದಾಣದಿಂದ ಹೊರಡುವುದೋ ಎಂಬುದನ್ನೂ ವಿಚಾರಿಸಬೇಕು. ಬೆಳಗಿನ ಜಾವದ ವಿಮಾನಕ್ಕಾಗಿ ನಡುರಾತ್ರಿ ಬಾಡಿಗೆ ಕಾರು ಹಿಡಿದರೆ ಉಳಿಸಿದ ಹಣ ಅಲ್ಲಿಗೇ ಹೋಯಿತು, ನಿದ್ರೆಯೂ ಹೋಯಿತು.

ಬಸ್ಸು, ಕಾರು, ಹಡಗು

ಬಸ್ಸಿನ ದರ ಬಹುಮಟ್ಟಿಗೆ ಎಲ್ಲಕ್ಕಿಂತ ಕಡಿಮೆ. ಹಿಡಿಯುವ ಹೊತ್ತು ಎಂಟರಿಂದ ಒಂಬತ್ತು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಲಂಡನ್ನಿನ ವಿಕ್ಟೋರಿಯಾ ಬಸ್ ನಿಲ್ದಾಣದಿಂದ ಹೊರಟ ಬಸ್ಸು ಹಡಗನ್ನೋ ಸುರಂಗದ ವಾಹನರೈಲನ್ನೋ ಏರಿ ಕಡಲು ದಾಟುತ್ತದೆ. ರಾತ್ರಿಯ ಬಸ್ಸಾದರೆ ಒಂದು ರಾತ್ರಿಯ ವಸತಿಯ ಖರ್ಚು ಉಳಿಯುತ್ತದೆಂದು ವಿದ್ಯಾರ್ಥಿಗಳು ಮೆಚ್ಚುತ್ತಾರೆ. ಆದರೆ ಗಡಿಯ ತಪಾಸಣೆಗಾಗಿ ಸರಿರಾತ್ರಿಯಲ್ಲಿ ಎಲ್ಲರೂ ಇಳಿದು ಚಳಿಯಲ್ಲಿ ಸಾಲು ನಿಲ್ಲಬೇಕು. ಮೊಣಕಾಲಿನ ನೋವು, ಮಧುಮೇಹಗಳುಳ್ಳ ಹಿರಿಯರನ್ನು ಹಣ ಉಳಿಸುವ ನೆಪದಲ್ಲಿ ಈ ಬಸ್ಸಿಗೆ ಹತ್ತಿಸುವುದು ಸರಿಯಲ್ಲವೆಂದು ಯುವಕರಿಗೆ ನಾವು ಸ್ಪಷ್ಟವಾಗಿ ಹೇಳುತ್ತೇವೆ.

ನಾಲ್ಕೈದು ಮಂದಿಯ ಕುಟುಂಬಕ್ಕೆ, ಕೈಕೂಸು ಇದ್ದವರಿಗೆ, ಸ್ವಂತ ಕಾರು ಒಳ್ಳೆಯ ಸಾಧನ. ಫೋಕ್‌ಸ್ಟನ್ನಿನಲ್ಲಿ ಕಾರನ್ನೇ ರೈಲಿಗೆ ಏರಿಸಿದರೆ 35 ನಿಮಿಷಗಳಲ್ಲಿ ಫ್ರಾನ್ಸಿನ ಕ್ಯಾಲೆ ಬಳಿ ಇಳಿಸುತ್ತಾರೆ. ಅಲ್ಲಿಂದ ಮುಂದೆ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು. ಇಂಗ್ಲೆಂಡಿನಲ್ಲಿ ನಮ್ಮಂತೆಯೇ ಎಡಬದಿ. ಚಾಲಕನು ಅಭ್ಯಾಸವುಳ್ಳವನಾಗಿರಬೇಕು. ಹೆದ್ದಾರಿಯ ಸುಂಕ, ಪ್ಯಾರಿಸ್ಸಿನಲ್ಲಿ ಕಾರು ನಿಲ್ಲಿಸುವ ಬಾಡಿಗೆ, ಇವೆರಡನ್ನೂ ಲೆಕ್ಕಕ್ಕೆ ಸೇರಿಸಬೇಕು.

ಇನ್ನು ಹಡಗು. ಡೋವರಿನಿಂದ ಕ್ಯಾಲೆಗೆ ಸುಮಾರು ಒಂದೂವರೆ ಗಂಟೆ. ನ್ಯೂಹೇವನ್ನಿನಿಂದ ದಿಯೆಪ್ಪಿಗೆ ಸುಮಾರು ನಾಲ್ಕು ಗಂಟೆ. ಎರಡೂ ದಡಗಳಲ್ಲಿ ರೈಲು ಹಿಡಿಯಬೇಕಾದುದರಿಂದ ಬೆಳಗಿನಿಂದ ಸಂಜೆಯವರೆಗಿನ ಕೆಲಸವಿದು. ಎಲ್ಲ ಹಡಗುಗಳೂ ವಾಹನವಿಲ್ಲದ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದಿಲ್ಲ; ವಿಚಾರಿಸಿಯೇ ಹೊರಡಬೇಕು. ಆದರೂ ಡೋವರಿನ ಬಿಳಿಯ ಸುಣ್ಣಕಲ್ಲಿನ ಬಂಡೆಗಳು ಹಿಂದೆ ಸರಿಯುವುದನ್ನು ಹಡಗಿನ ಅಟ್ಟದ ಮೇಲೆ ನಿಂತು ನೋಡುವ ಭಾಗ್ಯ ಮಿಕ್ಕ ಸಾಧನಗಳಲ್ಲಿಲ್ಲ. ಅವಸರವಿಲ್ಲದವರು ಈ ದಾರಿಯನ್ನು ಆರಿಸಿಕೊಳ್ಳಬಹುದು. ಇದೇ ದಿಯೆಪ್ಪಿನ ಮೂಲಕ ಲಂಡನ್-ಪ್ಯಾರಿಸ್ ಸೈಕಲ್ ಹಾದಿಯೊಂದು 2012ರಲ್ಲಿ ಸಿದ್ಧವಾಗಿದೆ. ತರುಣರು ಅದನ್ನೂ ತುಳಿಯುತ್ತಾರೆ.

ಊರಿನಲ್ಲಿಯೇ ಆಗಬೇಕಾದ ಸಿದ್ಧತೆ

ಯಾವ ಸಾಧನವನ್ನು ಆರಿಸಿದರೂ ಮೊದಲ ತೊಡಕು ಕಾಗದಪತ್ರದ್ದು. ಬ್ರಿಟನ್ನಿನ ವೀಸಾ ಇದ್ದ ಮಾತ್ರಕ್ಕೆ ಫ್ರಾನ್ಸ್ ಪ್ರವೇಶ ದೊರೆಯದು. ಭಾರತದ ಪಾಸ್‌ಪೋರ್ಟ್ ಉಳ್ಳವರಿಗೆ ಷೆಂಗೆನ್ ವೀಸಾ ಪ್ರತ್ಯೇಕವಾಗಿ ಬೇಕು. ಅದಕ್ಕೆ ತಾವು ವಾಸವಾಗಿರುವ ದೇಶದಲ್ಲಿಯೇ ಅರ್ಜಿ ಸಲ್ಲಿಸಬೇಕೆಂಬುದು ಸಾಮಾನ್ಯ ನಿಯಮ. ಮಕ್ಕಳ ಮನೆಗೆ ಅತಿಥಿಗಳಾಗಿ ಹೋದವರು ಲಂಡನ್ನಿನಲ್ಲಿ ಕುಳಿತು ಅದನ್ನು ಪಡೆಯುವುದು ಕಷ್ಟಸಾಧ್ಯ. ಪ್ಯಾರಿಸ್ ನೋಡುವ ಮನಸ್ಸಿದ್ದರೆ ಬೆಂಗಳೂರು ಬಿಡುವ ಮೊದಲೇ ಎರಡೂ ವೀಸಾಗಳನ್ನು ಕೈಗೆ ತೆಗೆದುಕೊಳ್ಳಬೇಕು. ಪ್ಯಾರಿಸ್ಸಿನಿಂದ ಲಂಡನ್ನಿಗೆ ಮರಳುವವರು ಬ್ರಿಟನ್ನಿನ ವೀಸಾ ಆ ದಿನಕ್ಕೂ ಊರ್ಜಿತದಲ್ಲಿದೆಯೇ ಎಂದು ನೋಡಿಕೊಳ್ಳಬೇಕು.

2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಯಲ್ಲಿ ಹೊಸ ದಾಖಲೆಯ ಪದ್ಧತಿ ಜಾರಿಗೆ ಬಂದಿದೆ. ಮುಖದ ಚಿತ್ರ, ಬೆರಳಚ್ಚುಗಳನ್ನು ತೆಗೆದುಕೊಳ್ಳುತ್ತಾರೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಬೆರಳಚ್ಚಿಲ್ಲ. ಇದರಿಂದ ಸಾಲು ನಿಧಾನವಾಗಬಹುದಾದುದರಿಂದ ಹೊತ್ತು ಕೈಯಲ್ಲಿರಲಿ.

ಗಡಿಯಾರದ ವಿಷಯವೂ ಉಂಟು. ಪ್ಯಾರಿಸ್ಸಿನ ಗಡಿಯಾರ ಲಂಡನ್ನಿನದಕ್ಕಿಂತ ಒಂದು ಗಂಟೆ ಮುಂದೆ. ಬೆಳಿಗ್ಗೆ 10ಕ್ಕೆ ಹೊರಟ ರೈಲು ಮಧ್ಯಾಹ್ನ 1-20ಕ್ಕೆ ತಲುಪುತ್ತದೆಂದು ಟಿಕೇಟಿನಲ್ಲಿದ್ದರೆ ಪ್ರಯಾಣ ಎರಡು ಗಂಟೆ ಇಪ್ಪತ್ತು ನಿಮಿಷವೆಂದೇ ತಿಳಿಯಬೇಕು.

ಬುತ್ತಿಯ ಬಗ್ಗೆ ತಾಯಂದಿರಿಗೆ ಒಂದು ಮಾತು. ಬ್ರಿಟನ್ ಐರೋಪ್ಯ ಒಕ್ಕೂಟವನ್ನು 2020ರಲ್ಲಿ ತೊರೆದ ತರುವಾಯ, ಅಲ್ಲಿಂದ ಫ್ರಾನ್ಸಿಗೆ ಹಾಲು, ಮೊಸರು, ಬೆಣ್ಣೆ, ತುಪ್ಪಗಳನ್ನು ಕೊಂಡೊಯ್ಯುವುದಕ್ಕೂ ನಿರ್ಬಂಧ ಬಂತು. ಮೊಸರನ್ನದ ಡಬ್ಬಿಯನ್ನು ಗಡಿಯಲ್ಲಿ ಒಪ್ಪಿಸಿ ಹಸಿದು ಕೂರುವ ಬದಲು, ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿಗಳನ್ನು ಕಟ್ಟಿಕೊಳ್ಳುವುದು ಜಾಣತನ. ರೈಲಿನಲ್ಲಿ ನಮ್ಮ ಬುತ್ತಿಯನ್ನು ಬಿಚ್ಚಿ ಉಣ್ಣಲು ಯಾವ ಅಡ್ಡಿಯೂ ಇಲ್ಲ.

ನಡೆಯಲಾರದ ಹಿರಿಯರಿಗೆ ಗಾಲಿಕುರ್ಚಿಯ ನೆರವು ರೈಲಿನಲ್ಲಿಯೂ ವಿಮಾನದಲ್ಲಿಯೂ ಉಚಿತವಾಗಿ ದೊರೆಯುತ್ತದೆ. ವಿಮಾನಕ್ಕೆ 48 ಗಂಟೆ ಮುಂಚಿತವಾಗಿ ತಿಳಿಸಬೇಕು, ರೈಲಿಗೂ ಟಿಕೇಟು ಕಾದಿರಿಸುವಾಗಲೇ ತಿಳಿಸುವುದು ಒಳಿತು. ಸಂಕೋಚದಿಂದ ಕೇಳದೆ ಇರುವುದು ನಮ್ಮ ಹಿರಿಯರ ಸ್ವಭಾವ. ಅವರ ಪರವಾಗಿ ಕೇಳುವುದು ಮಕ್ಕಳ ಕರ್ತವ್ಯ.

ಯಾರಿಗೆ ಯಾವ ದಾರಿ?

ತಂದೆತಾಯಿಗಳೊಡನೆ ಹೋಗುವವರಿಗೆ ರೈಲು, ವಿಮಾನ ನಿಲ್ದಾಣದ ಬಳಿ ವಾಸಿಸುವವರಿಗೂ ಮುಂದಿನ ವಿಮಾನ ಹಿಡಿಯುವವರಿಗೂ ವಿಮಾನ, ಗಟ್ಟಿಮುಟ್ಟಾದ ವಿದ್ಯಾರ್ಥಿಗಳಿಗೆ ಬಸ್ಸು, ಮಕ್ಕಳೊಂದಿಗರಿಗೆ ಕಾರು, ಬಿಡುವುಳ್ಳ ರಸಿಕರಿಗೆ ಹಡಗು, ಇದು ನಮ್ಮ ಅಭಿಪ್ರಾಯ. ವಿದ್ಯುತ್ತಿನಿಂದ ಓಡುವ ರೈಲು ವಿಮಾನಕ್ಕಿಂತ ಹಲವು ಪಟ್ಟು ಕಡಿಮೆ ಹೊಗೆಯನ್ನು ಗಾಳಿಗೆ ಸೇರಿಸುತ್ತದೆಂಬುದೂ ಅದರ ಪರವಾಗಿ ನಿಲ್ಲುವ ಮಾತು.

ಈ ಆಯ್ಕೆಯ ಹಿಂದಿರುವ ಸೂತ್ರ ಒಂದೇ. ಟಿಕೇಟಿನ ಬೆಲೆಯನ್ನೋ ಹಾರಾಟದ ನಿಮಿಷಗಳನ್ನೋ ನೋಡಿ ದಾರಿಯನ್ನು ಆರಿಸಬಾರದು. ಜೊತೆಯಲ್ಲಿ ಹೊರಟವರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ, ಅವರ ಹೆಜ್ಜೆಗೆ ಒಗ್ಗುವ ದಾರಿಯೇ ಇಡೀ ಕುಟುಂಬಕ್ಕೆ ಹತ್ತಿರದ ದಾರಿ. ಹಾಗೆ ಆರಿಸಿ ಹೊರಡುವ ಎಲ್ಲ ಮನೆಯವರ ಪ್ರಯಾಣವೂ ಸುಖಕರವಾಗಲಿ ಎಂದು ಹಾರೈಸುತ್ತೇವೆ.