ಹಿತ್ತಾಳೆ ರೀಲು, ಲೇಥ್ ಊರು

ತುಂಗಭದ್ರೆಯಲ್ಲಿ ನೀರು ಇಳಿದ ದಿನಗಳಲ್ಲಿ ಹರಿಹರದ ಹೊಳೆದಂಡೆಗೆ ಬರುವ ಹುಡುಗರ ಕೈಲಿ ಗಾಳದ ಕೋಲು ಇರುವುದೇ ಅಪರೂಪ. ಖಾಲಿ ನೀರಿನ ಬಾಟಲಿಗೆ ಸುತ್ತಿದ ತಂಗೂಸಿ ದಾರ, ತುದಿಗೆ ಗಾಳ, ಗಾಳದ ಮೇಲೆ ಚೂರು ಸೀಸ. ಎರೆಹುಳ ಸಿಕ್ಕರೆ ಎರೆಹುಳ, ಇಲ್ಲದಿದ್ದರೆ ಕಲಸಿದ ಹಿಟ್ಟು. ಬಾಟಲಿಯ ಮೂತಿಯನ್ನು ಹೊಳೆಯ ಕಡೆಗೆ ತಿರುಗಿಸಿ ಎಡಗೈಲಿ ಹಿಡಿದು, ಬಲಗೈಲಿ ಸೀಸವನ್ನು ಗಿರಗಿರ ಬೀಸಿ ಬಿಟ್ಟರೆ ಬಾಟಲಿ ತಿರುಗುವುದಿಲ್ಲ. ದಾರ ಮಾತ್ರ ಮೂತಿಯ ಕಡೆಯಿಂದ ಸರಸರ ಬಿಚ್ಚಿಕೊಂಡು ಹೋಗುತ್ತದೆ.

ಇದೇ ಉಪಾಯಕ್ಕೆ 1905ರಲ್ಲಿ ಇಂಗ್ಲೆಂಡಿನ ಆಲ್‌ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್ ಎಂಬಾತ ಪೇಟೆಂಟ್ ಪಡೆದ. ಬ್ರಾಡ್‌ಫರ್ಡಿನಲ್ಲಿ ಉಣ್ಣೆ ನೂಲಿನ ಗಿರಣಿ ನಡೆಸುತ್ತಿದ್ದ ಮನೆತನದವನು. ಗಿರಣಿಯಲ್ಲಿ ನಿಂತ ಬಾಬಿನ್ನಿನ ತಲೆಯಿಂದ ನೂಲು ಬಿಚ್ಚಿಕೊಳ್ಳುವುದನ್ನು ನೋಡಿ ಈ ಯೋಚನೆ ಬಂತು ಎನ್ನುತ್ತಾರೆ. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ಪಾಳಿ ಮಾಡಿದ ಯಾರನ್ನು ಕೇಳಿದರೂ ಇದರಲ್ಲೇನು ಸೋಜಿಗ ಎಂದಾರು. ಅವರು ದಿನಕ್ಕೆ ಸಾವಿರ ಬಾಬಿನ್ ನೋಡಿದವರು.

ಆದರೆ ಹಳೆಯ ಬ್ರಿಟಿಷ್ ರೀಲುಗಳನ್ನು ಸಂಗ್ರಹಿಸುವವರು ಜೀವ ಬಿಡುವುದು ಈ ಬಗೆಯ ರೀಲಿಗಲ್ಲ. ಅದಕ್ಕೂ ಹಿಂದಿನ, ನೋಡಲು ತೀರ ಸಾದಾ ಎನಿಸುವ 'ಫ್ಲೈ ರೀಲ್'ಗೆ. ಅಂಗೈಯಗಲದ ಒಂದು ದುಂಡನೆಯ ಡಬ್ಬಿ, ಒಳಗೊಂದು ತಿರುಗುವ ಉರುಳೆ, ಹೊರಗೊಂದು ಹಿಡಿ. ಅಷ್ಟೇ.

ಫ್ಲೈ ಎಂದರೆ ಇಲ್ಲಿ ಹುಸಿ ನೊಣ. ಗಾಳಕ್ಕೆ ಹಕ್ಕಿಯ ಪುಕ್ಕ, ರೇಷ್ಮೆ, ಪ್ರಾಣಿಯ ಕೂದಲು ಸುತ್ತಿ ನೀರಿನ ಹುಳದಂತೆಯೋ ಮರಿಮೀನಿನಂತೆಯೋ ಕಾಣಿಸುವುದು. ಅದಕ್ಕೆ ತೂಕವೇ ಇಲ್ಲ. ಹುಡುಗರು ಬೀಸಿದ ಸೀಸ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಗಾಳದಲ್ಲಿ ತೂಕವೆಲ್ಲ ದಪ್ಪ ದಾರದ್ದೇ, ನೊಣ ಅದರ ಬಾಲ ಹಿಡಿದು ಹೋಗುತ್ತದೆ. ಎಸೆಯಲು ಬೇಕಾದ ದಾರವನ್ನು ಗಾಳಗಾರ ಮೊದಲೇ ಕೈಯಿಂದ ಎಳೆದುಕೊಂಡಿರುತ್ತಾನೆ. ಹಾಗಾಗಿ ಎಸೆಯುವ ಹೊತ್ತಿಗೆ ರೀಲಿಗೆ ಕೆಲಸವಿಲ್ಲ. ಮೀನು ಕಚ್ಚಿ ಓಟ ಕಿತ್ತ ಮೇಲೆಯೇ ಅದರ ಯೋಗ್ಯತೆ ತಿಳಿಯುವುದು.

ಆ ಓಟವನ್ನು ಒಮ್ಮೆ ಊಹಿಸಿಕೊಳ್ಳಬೇಕು. ದಾರ ಒಂದೇ ಸಮ ಹೋಗುತ್ತಿದೆ, ಉರುಳೆ ಬುಗುರಿಯಂತೆ ತಿರುಗುತ್ತಿದೆ. ಮೀನು ಫಕ್ಕನೆ ನಿಂತರೂ ಉರುಳೆ ನಿಲ್ಲುವುದಿಲ್ಲ. ದಾರ ಸಡಿಲಾಗಿ ಗೋಜಲಾಗುತ್ತದೆ. ಅದನ್ನು ತಡೆಯಲು ಒಳಗೆ ಒಂದು ಹಲ್ಲಿನ ಚಕ್ರ, ಅದಕ್ಕೆ ಒತ್ತಿ ನಿಂತ ಉಕ್ಕಿನ ನಾಲಗೆ, ನಾಲಗೆಯ ಬೆನ್ನಿಗೊಂದು ಸ್ಪ್ರಿಂಗ್. ಪ್ರತಿ ಹಲ್ಲು ನಾಲಗೆಯನ್ನು ತಳ್ಳಿಕೊಂಡು ದಾಟುವಾಗ 'ಕಟ್' ಎನ್ನುತ್ತದೆ. ದೊಡ್ಡ ಮೀನು ಓಡಿದಾಗ ಆ ಕಟಕಟವೆಲ್ಲ ಕೂಡಿ ಒಂದೇ ಕಿರುಚಾಟ. ಹಳೆಯ ರೀಲು ಕೊಳ್ಳುವವರು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುವುದು ಇದಕ್ಕೇ.

ಇಂಥದ್ದೊಂದನ್ನು, ಅದರಲ್ಲೂ ಹಾರ್ಡಿ ಕಂಪನಿಯ 'ಪರ್ಫೆಕ್ಟ್' ರೀಲನ್ನು, ಹರಿಹರದ ಹಳೆಯ ಟರ್ನರ್ ಒಬ್ಬರ ಕೈಗೆ ಕೊಟ್ಟರೆ ಮೀನಿನ ಮಾತು ಬರುವುದು ಆಮೇಲೆ. ಅವರು ಮೊದಲು ಹೆಬ್ಬೆರಳಿನಿಂದ ಉರುಳೆಯನ್ನು ಅತ್ತಿತ್ತ ಅಲ್ಲಾಡಿಸಿ 'ಪ್ಲೇ' ಇದೆಯೇ ಎಂದು ನೋಡುತ್ತಾರೆ. ಒಳ್ಳೆಯ ಪರ್ಫೆಕ್ಟ್‌ನಲ್ಲಿ ಇರುವುದಿಲ್ಲ. ಉರುಳೆಯ ಅಂಚಿಗೂ ಹೊರಚೌಕಟ್ಟಿಗೂ ನಡುವೆ ಸಣ್ಣ ದಾರವೂ ನುಸುಳದಷ್ಟು ಸಂದು. ಆದರೂ ಎಲ್ಲಿಯೂ ಉಜ್ಜಬಾರದು. ಬಿಚ್ಚಿದರೆ ಒಳಗೆ ಸಾಲುಗಟ್ಟಿ ಕೂತ ಉಕ್ಕಿನ ಗುಂಡುಗಳು, ಅಂದರೆ ಬಾಲ್ ಬೇರಿಂಗು. ಹಿಡಿಗೆ ಬೇರೆ ತೋಳಿಲ್ಲ. ಮುಂದಿನ ತಟ್ಟೆಗೇ ನೆಟ್ಟಗೆ ಕೂರಿಸಿದ್ದು, ದಾರ ಸಿಕ್ಕಿಕೊಳ್ಳದಿರಲಿ ಎಂದು. ಅಂಚಿನಲ್ಲೊಂದು ತಿರುಪು, ಸ್ಪ್ರಿಂಗಿನ ಬಿಗಿ ಹೆಚ್ಚು ಕಡಿಮೆ ಮಾಡಲು. 1891ರಲ್ಲಿ ಪೇಟೆಗೆ ಬಂದ ಈ ಸಾಮಾನು ಅಡಿಯಿಂದ ಮುಡಿಯವರೆಗೆ ಲೇಥ್ ಕೆಲಸ.

ಹರಿಹರಕ್ಕೆ ಆ ಭಾಷೆ ಗೊತ್ತು. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇಥ್‌ಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪ್‌ಗಳಿಗೆ ಹೋದವು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಪುರ ಎಂದೇ ಹೆಸರಾಯಿತು. ಶತಮಾನ ಮಗುಚುವ ಹೊತ್ತಿಗೆ ಕಾರ್ಖಾನೆ ಬಾಗಿಲು ಹಾಕಿತು. ಅಲ್ಲಿ ಪಳಗಿದ ಕೈಗಳು ಮಾತ್ರ ಊರಲ್ಲಿ ಉಳಿದವು. ಸುಮಾರು 14 ಕಿ.ಮೀ. ಅಂತರದಲ್ಲಿ ಒಂದು ನೂಲಿನ ಊರು, ಒಂದು ಲೇಥ್ ಊರು, ಪಕ್ಕದಲ್ಲಿ ಹೊಳೆ. ಇಂಗ್ಲೆಂಡಿನಲ್ಲಿ ರೀಲು ಹುಟ್ಟಿದ್ದೂ ಹೆಚ್ಚುಕಡಿಮೆ ಇಂಥ ಜಾಗಗಳಲ್ಲೇ.

ರೆಡಿಚ್ ಎಂಬ ಊರು ಸೂಜಿಗೆ ಹೆಸರುವಾಸಿ. ಸೂಜಿಯನ್ನು ಬಗ್ಗಿಸಿದರೆ ಗಾಳ. ಗಾಳ ಮಾಡಿದ ಮೇಲೆ ರೀಲು ಮಾಡದೆ ಇರುವುದು ಹೇಗೆ? ಆಲ್‌ಕಾಕ್, ಜೆ.ಡಬ್ಲ್ಯೂ. ಯಂಗ್ ಕಂಪನಿಗಳು ಅಲ್ಲಿಯವು. ನಾಟಿಂಗ್‌ಹ್ಯಾಮ್ ಲೇಸ್ ನೇಯುವ ಊರು. ಅಲ್ಲಿಯ ಮರದ ರೀಲು ಲೇಸಿನ ಬಾಬಿನ್ನಿನ ಮಗಳು ಎಂಬ ಮಾತಿದೆ. ಸ್ಕಾಟ್ಲೆಂಡಿನ ಪರ್ತ್‌ನಲ್ಲಿ ಮ್ಯಾಲಕ್ ಎಂಬಾತ 1884ರಲ್ಲೇ ರೀಲನ್ನು ಪಕ್ಕಕ್ಕೆ ತಿರುಗಿಸಿ ದಾರ ಬಿಡುವ ಉಪಾಯ ಕಂಡುಹಿಡಿದಿದ್ದ. ಹಾರ್ಡಿ ಮನೆತನದವರು 1872ರಲ್ಲಿ ಇಂಗ್ಲೆಂಡಿನ ಆನಿಕ್ ಎಂಬ ಪುಟ್ಟ ಊರಲ್ಲಿ ಅಂಗಡಿ ತೆರೆದರು. ಪರ್ಫೆಕ್ಟ್ ಅವರದು, 1911ರ ಸೇಂಟ್ ಜಾರ್ಜ್ ಕೂಡ. ಅದರಲ್ಲಿ ದಾರ ಹೊರಬರುವ ಕಡೆ ಅಗೇಟ್ ಕಲ್ಲಿನ ಉಂಗುರ ಕೂರಿಸಿರುತ್ತಾರೆ, ದಾರ ಸವೆಯದಿರಲೆಂದು. ಆ ಕಲ್ಲು ಬಿರುಕು ಬಿಟ್ಟಿದ್ದರೆ ಸಂಗ್ರಹಕಾರರ ಮುಖ ಕಳೆಗುಂದುತ್ತದೆ.

ಈ ವಸ್ತುಗಳು ಕನ್ನಡ ನಾಡಿಗೆ ಬಂದದ್ದು ಮಹಶೀರ್ ಮೀನಿನ ಹಿಂದೆ. ಹಾರ್ಡಿ ಅಂಗಡಿ ತೆರೆದ ಮರುವರ್ಷ, 1873ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ 'ದ ರಾಡ್ ಇನ್ ಇಂಡಿಯಾ' ಎಂಬ ಇಂಗ್ಲಿಷ್ ಪುಸ್ತಕ ಹೊರಬಂತು. ಬರೆದವರು ಮದರಾಸು ಸಿವಿಲ್ ಸರ್ವೀಸಿನ ಹೆನ್ರಿ ಸಲಿವನ್ ಥಾಮಸ್. ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಭಾರತದಲ್ಲಿ ಗಾಳ ಹಿಡಿದ ಇಂಗ್ಲಿಷರಿಗೆಲ್ಲ ಅದೇ ಪಂಚಾಂಗವಾಯಿತು. ಗಾತ್ರಕ್ಕೆ ಗಾತ್ರ ಹೋಲಿಸಿದರೆ ತಮ್ಮ ದೇಶದ ಸಾಲ್ಮನ್‌ಗಿಂತ ಮಹಶೀರ್ ಜೋರು ಎಂದು ಅವರು ವಾದಿಸಿದರು. ಅದೇ ಪ್ರೆಸ್ಸು ಇಪ್ಪತ್ತೊಂದು ವರ್ಷದ ನಂತರ ಕಿಟ್ಟೆಲ್ ನಿಘಂಟನ್ನು ಅಚ್ಚು ಮಾಡಿತು ಎನ್ನುವುದು ಇಲ್ಲಿ ಅಡ್ಡಮಾತು, ಆದರೂ ಹೇಳದೆ ಬಿಡಲು ಮನಸ್ಸಾಗುವುದಿಲ್ಲ.

ಹಾಗೆಂದು ಗಾಳದ ವಿನೋದವನ್ನು ಇಂಗ್ಲಿಷರೇ ತಂದರು ಎಂದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ನಕ್ಕಾನು. 12ನೇ ಶತಮಾನದ ಮೊದಲರ್ಧದಲ್ಲಿ ಅವನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನುಗಳ ಜಾತಿ, ಅವಕ್ಕೆ ಹಾಕುವ ತಿನಿಸು, ಗಾಳದ ಕೋಲು, ದಾರ ಎಲ್ಲವನ್ನೂ ಅರಸನೊಬ್ಬ ಕೂತು ಬರೆದಿದ್ದಾನೆ. ಮೀನುವಿಜ್ಞಾನಿ ಸುಂದರಲಾಲ್ ಹೋರಾ 1951ರಲ್ಲಿ ಇದರ ಮೇಲೆ ಲೇಖನ ಬರೆದು ವಿದ್ವಾಂಸರ ಗಮನ ಸೆಳೆದರು. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ.

ಕರ್ನಾಟಕದ ಮಹಶೀರ್ ದಾಖಲೆ ಬಹುಕಾಲ ಕಬಿನಿ ಹೊಳೆಯದಾಗಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ಹಿಡಿದ ಮೀನು 120 ಪೌಂಡ್, ಅಂದರೆ 54 ಕಿಲೋ ದಾಟಿದ್ದು. ಸತ್ತ ಹುಲಿ ಚಿರತೆಗಳನ್ನು ಜೀವಂತವೆನಿಸುವಂತೆ ನಿಲ್ಲಿಸುವುದರಲ್ಲಿ ಜಗತ್ತಿಗೇ ಹೆಸರಾದ ಮನೆತನ ಅದು. 1970ರ ದಶಕದ ಕೊನೆಯಲ್ಲಿ ಮೂವರು ಬ್ರಿಟಿಷ್ ಯುವಕರು ಕಾವೇರಿಗೆ ಬಂದು, ಮಹಶೀರ್ ಇನ್ನೂ ಇದೆ ಎಂದು ತಮ್ಮ ದೇಶದವರಿಗೆ ತೋರಿಸಿದ ಮೇಲೆ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಯ ಹೆಸರುಗಳು ಅಲ್ಲಿಯ ಗಾಳಗಾರರ ಬಾಯಲ್ಲಿ ಓಡಾಡತೊಡಗಿದವು. ಆದರೆ ಆ ದೈತ್ಯ ಮೀನುಗಳು ಹುಸಿ ನೊಣಕ್ಕೆ ಬಿದ್ದದ್ದು ಕಡಿಮೆ. ಬಿದ್ದದ್ದು ರಾಗಿಗೆ. ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ, ನಿಂಬೆಗಾತ್ರದಿಂದ ಕಿತ್ತಳೆಗಾತ್ರದವರೆಗೆ ಉಂಡೆ ಕಟ್ಟಿ ಗಾಳಕ್ಕೆ ಮೆತ್ತುವ ಹಳ್ಳಿಯ ಪದ್ಧತಿಯ ಮುಂದೆ ಆನಿಕ್‌ನ ಪುಕ್ಕಗಳು ಸಪ್ಪೆಯಾದವು. ರೀಲೂ ಸ್ವೀಡನ್ನಿನ ಆಬು ಕಂಪನಿಯದಾಗಿತ್ತು.

ಸಂಗ್ರಹದ ಲೋಕದ ನಿಯಮಗಳು ನಮ್ಮ ಮನೆಗಳ ನಿಯಮಕ್ಕೆ ತಿರುಗಾಮುರುಗ. ಹಬ್ಬ ಬಂತೆಂದರೆ ಹಿತ್ತಾಳೆ ಸಾಮಾನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ ಫಳಫಳ ಮಾಡುವವರು ನಾವು. ಹಳೆಯ ಹಾರ್ಡಿ ರೀಲಿಗೆ ಹಾಗೆ ಮಾಡಿದರೆ ಅರ್ಧ ಬೆಲೆ ತೊಳೆದುಹೋದಂತೆ. ಮೊದಲ ಪರ್ಫೆಕ್ಟ್‌ಗಳು ಪೂರ್ತಿ ಹಿತ್ತಾಳೆಯವು. ಮುಂದೆ ಅಲ್ಯೂಮಿನಿಯಂ ಮಿಶ್ರಲೋಹ ಬಂತು, ಅದರ ಮೇಲೊಂದು ಮಬ್ಬು ಸೀಸದ ಬಣ್ಣದ ಲೇಪ. ಆ ಲೇಪ ಎಷ್ಟು ಉಳಿದಿದೆ ಎನ್ನುವುದರ ಮೇಲೆ ಚೌಕಾಸಿ. ಯುದ್ಧಕಾಲದ ಅಭಾವದಲ್ಲಿ ಲೇಪವಿಲ್ಲದೆ ಬರಿಮೈಯಲ್ಲಿ ಹೊರಬಂದ ರೀಲುಗಳಿಗೆ ಆ ಕಾಲದ ವಿಮಾನದ ಹೆಸರು ಕೊಟ್ಟು 'ಸ್ಪಿಟ್‌ಫೈರ್' ಎನ್ನುತ್ತಾರೆ. ಕೊರತೆಯ ಮಾಲು ಈಗ ಹೆಮ್ಮೆಯ ಮಾಲು. ಕೋಲಿಗೆ ಕೂರಿಸುವ ಪಾದವನ್ನು ಹಿಂದಿನ ಯಾರೋ ಅರ ಹಾಕಿ ಸವೆಸಿದ್ದರೆ ಬೆಲೆ ಇಳಿಯುತ್ತದೆ. ಬಿಚ್ಚಿ ನೋಡಿದಾಗ ಒಳಗೆ ಎರಡು ಪುಟ್ಟ ಇಂಗ್ಲಿಷ್ ಅಕ್ಷರ ಒತ್ತಿದ್ದು ಕಂಡರೆ ಖುಷಿ: ಅದು ಆ ರೀಲನ್ನು ಜೋಡಿಸಿದ ಕೆಲಸಗಾರನ ಹೆಸರಿನ ಮೊದಲಕ್ಷರ. ಮಾಲೀಕನ ಹೆಸರು ಹೊರಗೆ, ಮೇಸ್ತ್ರಿಯ ಹೆಸರು ಒಳಗೆ.

ಆರಂಭದ ಹಿತ್ತಾಳೆ ಪರ್ಫೆಕ್ಟ್ ಹರಾಜಿಗೆ ಬಂದರೆ ಸಾವಿರಾರು ಪೌಂಡ್ ಏಳುತ್ತದೆ. ಯಂಗ್ ಕಂಪನಿಯ ಬೋಡೆಕ್ಸ್, ಕಾಂಡೆಕ್ಸ್‌ನಂಥವು ಅದರ ಹತ್ತಿರವೂ ಸುಳಿಯುವುದಿಲ್ಲ. ಹೊಸಬರು ಅಲ್ಲಿಂದ ಶುರುಮಾಡುವುದು ಜಾಣತನ. ಗಾಜಿನ ಬೀರುವಿನಲ್ಲಿಡುವುದಕ್ಕಿಂತ ಹೊಳೆಗೆ ಒಯ್ಯುವುದಕ್ಕೆ ಅವೇ ವಾಸಿ, ಬಂಡೆಗೆ ತಾಗಿದರೂ ಎದೆ ಒಡೆಯುವುದಿಲ್ಲ.

ಹೊಳೆಗೆ ಒಯ್ದರೆ ಹಳೆಯ ರೀಲು ಬೇಡುವುದು ಸ್ವಲ್ಪವೇ. ಅಕ್ಷಕ್ಕೆ ಎರಡು ಹನಿ ಎಣ್ಣೆ, ಹಲ್ಲುಗಳಿಗೆ ತುಸು ಗ್ರೀಸು. ಈಗಿನ ರೀಲುಗಳಲ್ಲಿರುವ ಬ್ರೇಕು ಇದರಲ್ಲಿಲ್ಲ. ಕಟಕಟ ನಾಲಗೆ ದಾರವನ್ನು ಗೋಜಲಾಗದಂತೆ ಕಾಯುತ್ತದೆಯೇ ಹೊರತು ದೊಡ್ಡ ಮೀನನ್ನು ನಿಲ್ಲಿಸಲಾರದು. ನಿಲ್ಲಿಸಬೇಕಾದದ್ದು ಬೆರಳು. ಓಡುವ ದಾರವನ್ನು ಕೋಲಿಗೆ ಒತ್ತಿ ಹಿಡಿಯಬೇಕು, ಅಥವಾ ಅಂಗೈಯನ್ನು ಉರುಳೆಯ ಅಂಚಿಗೆ ಹದವಾಗಿ ತಾಗಿಸಬೇಕು. ಹದ ತಪ್ಪಿದರೆ ದಾರ ಹರಿಯುತ್ತದೆ. ಗಿರ್ರನೆ ತಿರುಗುವ ಹಿಡಿ ಗೆಣ್ಣಿಗೆ ಬಡಿದರೆ ಎರಡು ದಿನ ನೋವು. ಅಂದಿನ ರೇಷ್ಮೆ ದಾರದ ಕಾಲದಲ್ಲಿ ಇನ್ನೊಂದು ಕೆಲಸವಿತ್ತು: ಸಂಜೆ ಬಂದ ಕೂಡಲೇ ದಾರವನ್ನೆಲ್ಲ ಬಿಚ್ಚಿ ಒಣಗಿಸಬೇಕು, ಇಲ್ಲವಾದರೆ ಸುತ್ತಿದಲ್ಲೇ ಕೊಳೆಯುತ್ತಿತ್ತು.

ಹೊಳೆಗೆ ಒಯ್ಯುವುದು ಎಂದರೆ ಯಾವ ಹೊಳೆಗೆ ಎನ್ನುವುದೇ ಈಗ ಪ್ರಶ್ನೆ. ತುಂಗೆಯ ಮೇಲ್ಭಾಗದಲ್ಲಿ, ಶೃಂಗೇರಿಯ ಮಠದ ಘಟ್ಟದಲ್ಲಿ, ಮಹಶೀರ್ ಮೀನುಗಳು ಭಕ್ತರ ಕೈಯ ಮಂಡಕ್ಕಿಗೆ ಬಾಯಿ ತೆರೆಯುತ್ತವೆ. ಅವು ದೇವರ ಮೀನು, ಮುಟ್ಟುವಂತಿಲ್ಲ. ಅದೇ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಸೇರಿ ಹೊನ್ನಾಳಿ ದಾಟಿ ಹರಿಹರಕ್ಕೆ ಬರುವ ಹೊತ್ತಿಗೆ ಕಥೆ ಬೇರೆ. ಭದ್ರಾವತಿಯ ಕಾರ್ಖಾನೆಗಳ ಕೊಳೆನೀರು ಭದ್ರೆಯ ಮೀನಿಗೆ ಏನು ಮಾಡುತ್ತಿದೆ ಎಂದು ಎ. ಡೇವಿಡ್ ಎಂಬ ವಿಜ್ಞಾನಿ 1956ರಲ್ಲೇ ಅಧ್ಯಯನ ಪ್ರಕಟಿಸಿದ್ದರು. 1980ರ ದಶಕದಲ್ಲಿ ತುಂಗಭದ್ರೆಯ ಮಾಲಿನ್ಯದ ವಿರುದ್ಧ ಈ ಭಾಗದಲ್ಲಿ ಹೋರಾಟಗಳು ನಡೆದವು. ಜೊತೆಗೆ ಅಣೆಕಟ್ಟುಗಳು: ಮೊಟ್ಟೆಯಿಡಲು ಹೊಳೆಯ ಮೇಲಕ್ಕೆ ಹೋಗುವ ಮಹಶೀರಿಗೆ ಗೋಡೆ ಎದುರಾದರೆ ಹಿಂದಿರುಗಿ ಹೋಗುವ ದಾರಿಯೊಂದೇ.

ಕಾವೇರಿಯಲ್ಲೂ ಹಾಗೇ. ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್, ಕಾವೇರಿಗೆ ಇಂಗ್ಲೆಂಡಿನವರನ್ನು ಎಳೆದು ತಂದ ಮೀನು, ವಿಜ್ಞಾನಿಗಳಿಂದ ಸರಿಯಾದ ಹೆಸರು ಪಡೆದದ್ದು 2018ರಲ್ಲಿ: 'ಟಾರ್ ರೆಮಾದೇವಿ'. ಅದೇ ವರ್ಷ ಅದು ಅಳಿವಿನಂಚಿಗೆ ತೀರ ಹತ್ತಿರವಾದ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೂ ಸೇರಿತು. ನೂರೈವತ್ತು ವರ್ಷ ಗಾಳ ಹಾಕಿಯೂ ಯಾವ ಮೀನು ಎಂದು ಖಚಿತವಾಗಿ ಗೊತ್ತಿರಲಿಲ್ಲ! ಭೀಮೇಶ್ವರಿಯಂಥ ಕಡೆ ಅಭಯಾರಣ್ಯದೊಳಗಿದ್ದ ಗಾಳದ ಶಿಬಿರಗಳು ಅಷ್ಟರಲ್ಲಿ ನಿಂತುಹೋಗಿದ್ದವು. ಕನ್ನಡ ನೆಲದಲ್ಲಿ ಹಳೆಯ ಪರ್ಫೆಕ್ಟ್ ಕಿರುಚಬೇಕಾದರೆ ಈಗ ಸಣ್ಣ ಮೀನಿಗೇ ಸಮಾಧಾನಪಡಬೇಕು, ಅದೂ ಅನುಮತಿಯಿರುವ ನೀರಿನಲ್ಲಿ, ಹಿಡಿದ ಮೇಲೆ ಮತ್ತೆ ಬಿಟ್ಟು. ಹರಿಹರದ ಕೆಳಗೆ ಸಿಗುವ ರೋಹು, ಕಾಟ್ಲಾ ನೊಣ ನೋಡಿ ಮೇಲೇಳುವ ಜಾತಿಯವಲ್ಲ.

ರೀಲು ಕೆಟ್ಟರೆ? ಹೆಚ್ಚಾಗಿ ಮುರಿಯುವುದು ಆ ನಾಲಗೆಯ ಹಿಂದಿನ ಸ್ಪ್ರಿಂಗು. ನೂರು ವರ್ಷ ಹಳೆಯ ಮಾಲಿಗೆ ಅಂಗಡಿಯಲ್ಲಿ ಬಿಡಿಭಾಗ ಸಿಗುವುದಿಲ್ಲ. ಆದರೆ ಅದು ಒಂದು ಬಗ್ಗಿಸಿದ ಸ್ಪ್ರಿಂಗ್ ಉಕ್ಕಿನ ತುಂಡು, ನಾಲಗೆಯೋ ಉಗುರಿನಷ್ಟು ಗಾತ್ರದ ಒಂದು ಉಕ್ಕಿನ ಬಿಲ್ಲೆ. ಮುರಿದದ್ದನ್ನು ಎದುರಿಗಿಟ್ಟು, ಅರ ಮತ್ತು ವರ್ನಿಯರ್ ಹಿಡಿದು ಒಂದು ಮಧ್ಯಾಹ್ನ ಕೂತರೆ ಮುಗಿಯುವ ಕೆಲಸ. ಹರಿಹರದ ಸಣ್ಣ ವರ್ಕ್‌ಶಾಪುಗಳಲ್ಲಿ ಟ್ರ್ಯಾಕ್ಟರಿನ ಪಿನ್ನು, ಪಂಪಿನ ಬುಷ್ಷು ತಿರುವುತ್ತಿರುವ ಲೇಥ್‌ಗಳ ಮೈಮೇಲೆ ಕಿರ್ಲೋಸ್ಕರ್ ಹೆಸರಿನ ಎರಕದ ಅಕ್ಷರಗಳು ಎಣ್ಣೆ ಜಿಡ್ಡಿನ ನಡುವೆ ಇಂದಿಗೂ ಓದಲು ಸಿಗುತ್ತವೆ. ಅಲ್ಲಿಂದ ಹೊಳೆಗೆ ಕಾಲ್ನಡಿಗೆ ದೂರ. ಹುಡುಗರು ಬಾಟಲಿಗೆ ಮತ್ತೆ ದಾರ ಸುತ್ತುತ್ತಿರುತ್ತಾರೆ.