ಖಾನಾಪುರದ ಕುಲುಮೆಯಲ್ಲಿ ‘ಅಕ್ಯೂಟ್’

‘ಅಂಚು ತೆಳ್ಳಗ ಹಣಿದ್ರ ಲಗೂ ಕೊಯ್ತೈತ್ರಿ ಸರ. ಆದ್ರ ಲಗೂನ ಮುಕ್ಕಾಗ್ತೈತಿ.’

ಖಾನಾಪುರದಿಂದ ಜಾಂಬೋಟಿ ಕಡೆ ಹೋಗುವ ದಾರಿಯ ಕುಲುಮೆಯೊಂದರಲ್ಲಿ ಹಿರಿಯ ಕಂಬಾರರು ಹೀಗಂದಾಗ ನನಗಾದ ಹಿಗ್ಗು ಇನ್ನೂ ಇಳಿದಿಲ್ಲ. ಜೊತೆಗಿದ್ದವಳು ಅಕ್ಕನ ಮಗಳು. ಬೆಳಗಾವಿಯ ಟಿಳಕವಾಡಿಯಲ್ಲಿದ್ದುಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ. ದಾರಿಯುದ್ದಕ್ಕೂ ಇಂಗ್ಲಿಷಿನ ಸಮಾನಾರ್ಥಕ ಪದಗಳನ್ನು ಉರು ಹೊಡೆಯುತ್ತಿದ್ದಳು. ಅಕ್ಯೂಟ್ ಅಂದರೆ ಶಾರ್ಪ್, ಕೀನ್, ಟ್ರೆಂಚೆಂಟ್, ಪಾಯ್ನೆಂಟ್. ‘ಎಲ್ಲಾ ಒಂದ ಅಲ್ಲೇನು ಮಾಮಾ?’

ಕುಲುಮೆಯಲ್ಲಿ ಎಲ್ಲಾ ಒಂದೇ ಆಗಿರಲಿಲ್ಲ. ಭತ್ತ ಕೊಯ್ಯುವ ಕುಡುಗೋಲಿನ ಒಳಅಂಚಿಗೆ ಚಾಣದಿಂದ ಸಣ್ಣ ಸಣ್ಣ ಹಲ್ಲು ಹೊಡೆದಿದ್ದರು. ಕಬ್ಬಿನ ಕೊಯ್ತಾಕ್ಕೆ ಹಲ್ಲಿಲ್ಲ, ಅಗಲವಾದ ಅಲಗು. ಕೊಡ್ಲಿಯ ಬಾಯಿ ಮಾತ್ರ ದಪ್ಪ. ಹಳೆಯ ಲಾರಿಯ ಕಮಾನ್ ಪಟ್ಟಿ ಕಾದು ಕೆಂಡವಾಗಿ, ಬಡಿಸಿಕೊಂಡು, ಚುಂಯ್ ಎಂದು ನೀರು ಕುಡಿಯಿತು. ಬಳಿಕ ಅದನ್ನು ತುಸು ಉಜ್ಜಿ, ಮತ್ತೆ ಸ್ವಲ್ಪ ಕಾಯಿಸಿ, ಅಂಚಿನತ್ತ ಒಣಹುಲ್ಲಿನ ಬಣ್ಣ ಹರಿದು ಬರುವುದನ್ನೇ ಕಾದರು. ಬರೀ ನೀರು ಕುಡಿಸಿದ ಉಕ್ಕು ಗಡುಸು, ಆದರೆ ಪಟ್ಟನೆ ಒಡೆಯುತ್ತದೆ. ಈ ಎರಡನೆಯ ಕಾವೇ ಅದನ್ನು ಹದಕ್ಕೆ ತರುವುದು. ಆಮೇಲೆ ಹೆಬ್ಬೆರಳನ್ನು ಅಂಚಿಗೆ ಅಡ್ಡಲಾಗಿ ಸವರಿ ನೋಡಿದರು. ಉದ್ದಕ್ಕೆ ಸವರಿದ್ದರೆ ಹೆಬ್ಬೆರಳೇ ಹೋಗುತ್ತಿತ್ತು.

ನಾನು ಹಿಗ್ಗಿದ್ದು ‘ಲಗೂ’ ಎಂಬ ಮಾತಿಗೆ. ಶಾಲೆಯ ಲೆಕ್ಕದ ಪುಸ್ತಕದಲ್ಲಿ ಅಕ್ಯೂಟ್ ಆ್ಯಂಗಲ್ ಅಂದರೆ ಲಘುಕೋನ, ತೊಂಬತ್ತು ಡಿಗ್ರಿಗಿಂತ ಕಿರಿದು. ಸಂಸ್ಕೃತದ ‘ಲಘು’ವಿಗೆ ಹಗುರ ಎಂಬಂತೆ ಬೇಗನೆ ಎಂಬ ಅರ್ಥವೂ ಉಂಟು, ನಮ್ಮ ಕಡೆಯವರು ಉಳಿಸಿಕೊಂಡಿದ್ದು ಎರಡನೆಯದನ್ನು. ಅಲಗಿನ ಎರಡು ಮೈ ಕೂಡುವಲ್ಲಿ ಕೋನ ಕಿರಿದಾದಷ್ಟೂ ಕೊಯ್ತ ಚುರುಕು, ಮುಕ್ಕಾಗುವುದೂ ಬೇಗ. ಕೊಡ್ಲಿಗೆ ದಪ್ಪ ಬಾಯಿ ಇರುವುದು ಅದಕ್ಕೇ. ಜ್ಯಾಮಿತಿಯ ಲಘುವೂ ಕಂಬಾರರ ಲಗೂವೂ ಒಂದೇ ಅಂಚಿನಲ್ಲಿ ಬಂದು ಕೂತಿದ್ದವು.

ಅಕ್ಯೂಟ್ ಹುಟ್ಟಿದ್ದು ಮಾತ್ರ ಅಲಗಿನಿಂದಲ್ಲ, ಮೊನೆಯಿಂದ. ಲ್ಯಾಟಿನ್ನಿನಲ್ಲಿ ‘ಅಕುಸ್’ ಅಂದರೆ ಸೂಜಿ, ‘ಅಕುಎರೆ’ ಅಂದರೆ ಮೊನೆ ಮಾಡು, ‘ಅಕ್ಯೂಟುಸ್’ ಅಂದರೆ ಮೊನೆ ಮಾಡಿದ್ದು. ಇಂಗ್ಲಿಷಿಗೆ ಬಂದಾಗ ಅದು ಮೊದಲು ಹತ್ತಿದ್ದು ಜ್ವರಕ್ಕೆ, 14ನೇ ಶತಮಾನದ ಕೊನೆಯ ಹೊತ್ತಿಗೆ: ಲಗೂನ ಬಂದು ಲಗೂನ ಮುಗಿಯುವ ಕಾಯಿಲೆ. ಕೋನಕ್ಕೆ ಹತ್ತಿದ್ದು ಆಮೇಲೆ. ಅದರ ತಲೆ ಹಾರಿಸಿದರೆ ‘ಕ್ಯೂಟ್’. 18ನೇ ಶತಮಾನದಲ್ಲಿ ಅದರರ್ಥ ಚಾಲಾಕಿ ಎಂದಿತ್ತು. ಇವತ್ತು ಮಕ್ಕಳ ಫೋಟೋಕ್ಕೆಲ್ಲ ಕ್ಯೂಟ್ ಎನ್ನುವವರು ಸೂಜಿಯ ತುಣುಕೊಂದನ್ನು ಬಾಯಲ್ಲಿಟ್ಟುಕೊಂಡಿರುತ್ತಾರೆ.

ಕೋನವೊಂದನ್ನು ಬಿಟ್ಟರೆ ಕನ್ನಡದಲ್ಲಿ ನಾವು ಅಕ್ಯೂಟ್ ಕಂಡಲ್ಲೆಲ್ಲ ‘ತೀವ್ರ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ನನಗೆ ಇದು ಒಪ್ಪಿಗೆಯಿಲ್ಲ. ಬೆಳಗಾವಿ 1963ರಿಂದ ಜೆ.ಎನ್. ವೈದ್ಯಕೀಯ ಕಾಲೇಜು ಇರುವ ಊರು. ಖಾನಾಪುರದ ಹಳ್ಳಿಗಳಿಂದ ಜನ ಆಸ್ಪತ್ರೆಗೆ ಬರುವುದೂ ಇಲ್ಲಿಗೇ. ಡಾಕ್ಟರರ ಚೀಟಿಯ ‘ಅಕ್ಯೂಟ್ ಬ್ರಾಂಕೈಟಿಸ್’ ಎಂದರೆ ಈಚೆಗೆ ಶುರುವಾದ ಕೆಮ್ಮು. ಅದು ಸೌಮ್ಯವಾಗಿಯೂ ಇರಬಹುದು. ತೀವ್ರ ಎಂದು ಓದಿ ಹೇಳಿದರೆ ಮನೆಮಂದಿಗೆಲ್ಲ ಎದೆ ಧಸಕ್ಕೆನ್ನುತ್ತದೆ. ‘ತೀವ್ರ’ ತನ್ನ ಜಾಗದಲ್ಲಿ ಹಾಯಾಗಿರುವುದು ಸಂಗೀತದಲ್ಲಿ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹಿಂದೂಸ್ತಾನಿ ಪರಂಪರೆಯಲ್ಲಿ ಏರಿಸಿದ ಮಧ್ಯಮಕ್ಕೆ ತೀವ್ರ ಮಧ್ಯಮ ಎನ್ನುತ್ತಾರೆ, ಇಂಗ್ಲಿಷಿನವರು ಅಂಥ ಸ್ವರಕ್ಕೆ ಶಾರ್ಪ್ ಎನ್ನುತ್ತಾರೆ.

ನನ್ನ ಮೆಚ್ಚಿನ ಕತೆ ಗ್ರೀಕಿನದು. ಅಲ್ಲಿ ಹರಿತಕ್ಕೆ ‘ಒಕ್ಸುಸ್’. ನಾಲಿಗೆಗೆ ಚುರುಕ್ಕೆನ್ನುವ ಹುಳಿಗೂ ಅದೇ ಪದ. 18ನೇ ಶತಮಾನದ ಫ್ರೆಂಚ್ ವಿಜ್ಞಾನಿ ಲಾವೊಸಿಯೆ ಎಲ್ಲ ಆಮ್ಲಗಳಲ್ಲೂ ಒಂದೇ ಅನಿಲವಿದೆಯೆಂದು ತಿಳಿದು, ಹುಳಿ ಹುಟ್ಟಿಸುವುದು ಎಂಬರ್ಥದಲ್ಲಿ ಅದಕ್ಕೆ ಆಕ್ಸಿಜನ್ ಎಂದು ಹೆಸರಿಟ್ಟ. 1810ರಲ್ಲಿ ಹಂಫ್ರಿ ಡೇವಿ, ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆ ಅನಿಲವೇ ಇಲ್ಲ ಎಂದು ವಾದಿಸಿದ, ಅವನೇ ಸರಿ. ಹೆಸರು ಬದಲಾಗಲಿಲ್ಲ. ನಾವೋ ಅದನ್ನು ನಿಷ್ಠೆಯಿಂದ ‘ಆಮ್ಲಜನಕ’ ಎಂದು ಕನ್ನಡಿಸಿದೆವು; ಲಾವೊಸಿಯೆಯ ತಪ್ಪು ತಿಳಿವಳಿಕೆ ನಮ್ಮ ಏಳನೇ ಇಯತ್ತೆಯ ಮಕ್ಕಳ ಬಾಯಲ್ಲಿ ಬೆಚ್ಚಗಿದೆ. ಇದನ್ನೆಲ್ಲ ಕುಲುಮೆಯ ಮುಂದೆಯೇ ಹೇಳಹೊರಟೆ. ಹುಡುಗಿ ಆಕಳಿಸಿದಳು, ಕಂಬಾರರು ಮಾತ್ರ ಅದೇ ಗಾಳಿಯನ್ನು ತಿದಿಯಿಂದ ಕೆಂಡಕ್ಕೆ ಊದುತ್ತಿದ್ದರು.

ಇನ್ನು ಅವಳ ಪಟ್ಟಿ. ಟ್ರೆಂಚೆಂಟ್ ಬಂದದ್ದು ಫ್ರೆಂಚಿನ ಕತ್ತರಿಸುವ ಕ್ರಿಯಾಪದದಿಂದ. ಪಾಯ್ನೆಂಟ್, ಪಂಜೆಂಟ್ ಎರಡೂ ಚುಚ್ಚುವ ಮೂಲದವು. ಒಂದು ಎದೆಗೆ, ಇನ್ನೊಂದು ಮೂಗು–ನಾಲಿಗೆಗೆ. ಕೀನ್ ಮೊದಲಿಗೆ ಧೈರ್ಯ, ಜಾಣತನಗಳ ಮಾತಾಗಿತ್ತು, ಕತ್ತಿಗೆ ಹತ್ತಿದ್ದು ಆಮೇಲೆ. ಸೂಜಿ ಬೇಕಾದಲ್ಲಿ ಕೊಯ್ತಾ ಕೊಟ್ಟರೆ ನಡೆಯುತ್ತದೆಯೇ? ಕನ್ನಡ ಬಲ್ಲವರು ಚೂಪು ಪೆನ್ಸಿಲಿಗೂ ಹರಿತ ಚಾಕುವಿಗೂ ಪದ ಅದಲುಬದಲು ಮಾಡುವುದಿಲ್ಲ.

ಕಾರು ಹತ್ತುವಾಗ ಅವಳು ಫೋನಿನಲ್ಲಿ ಮುಂದಿನ ಪ್ರಶ್ನೆ ತೆಗೆದಳು: ಅಕ್ಯೂಟ್ ವಿರುದ್ಧಪದ ಯಾವುದು? ಕೋನಕ್ಕಾದರೆ ಆಬ್ಟ್ಯೂಸ್, ಕಾಯಿಲೆಗಾದರೆ ಕ್ರಾನಿಕ್, ಫ್ರೆಂಚ್ ಅಕ್ಷರದ ಮೇಲಿನ ಗೀಟಿಗಾದರೆ ಗ್ರೇವ್. ಆಬ್ಟ್ಯೂಸ್ ಅಂದರೆ ಲ್ಯಾಟಿನ್ನಿನಲ್ಲಿ ಬಡಿದು ಮೊಂಡಾಗಿಸಿದ್ದು. ನಮ್ಮಲ್ಲಿ ‘ಹಣಿ’ ಎಂದರೂ ಬಡಿ ಎಂದೇ ಅರ್ಥ, ಆದರೆ ರೈತರು ಕುಡುಗೋಲು ಹಣಿಸಿಕೊಂಡು ಹೋಗುವುದು ಹರಿತ ಮಾಡಿಸಲಿಕ್ಕೆ. ‘ಅದೆಲ್ಲ ಆಪ್ಷನ್ನಿನ್ಯಾಗ ಇಲ್ಲ ಮಾಮಾ’ ಅಂದು ಅವಳು ಆಬ್ಟ್ಯೂಸ್ ಒತ್ತಿದಳು.