ಬಿಗಿ ಸಡಿಲಿದಾಗ ಚರ್ಮ ಎಚ್ಚರಗೊಳ್ಳುತ್ತದೆ

ಮೆಟ್ರೊ ಇಳಿದು, ಸೂಟ್‌ಕೇಸ್ ಎಳೆದುಕೊಂಡು ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ ಕಡೆ ಓಡುವಾಗ ಎಡವಿ ಬಿದ್ದಿರೆಂದುಕೊಳ್ಳಿ. ಮಂಡಿ ತರಚಿತು. ರೈಲಿನಲ್ಲಿ ಕೂತು ನೋಡಿದರೆ ಗಾಯದ ಸುತ್ತ ಕೆಂಪು, ಬಿಸಿ, ಊತ. ಇದೇ ಉರಿಯೂತ. ಕೆಲವು ದಿನ ಕಳೆದು ಊರಿಂದ ಮರಳುವಾಗ ಹಕ್ಕಳೆಯ ಅಡಿಯಲ್ಲಿ ಹೊಸ ಚರ್ಮ ಹಬ್ಬುತ್ತಿರುತ್ತದೆ.

ಊತ ಕಾಟ, ಹೊಸ ಚರ್ಮ ವರ ಎಂದು ನಮಗನ್ನಿಸುತ್ತದೆ. ಆದರೆ ಎರಡನ್ನೂ ಕೆರಳಿಸುವ ಒಂದು ಪ್ರೊಟೀನಿದೆ: ಇಂಟರ್‌ಲ್ಯೂಕಿನ್‌-1 ಆಲ್ಫಾ. ಚರ್ಮದ ಮೇಲುಪದರದ ಕೋಶಗಳು ಇದನ್ನು ಮೊದಲೇ ಕೂಡಿಟ್ಟುಕೊಂಡಿರುತ್ತವೆ. ಹೊರಬಿದ್ದೊಡನೆ ಅದು ಒಂದು ಕಡೆ ರಕ್ಷಣಾ ಕೋಶಗಳನ್ನು ಕರೆಯುತ್ತದೆ, ಇನ್ನೊಂದು ಕಡೆ ಆಕರಕೋಶಗಳನ್ನು ವಿಭಜನೆಗೆ ಹಚ್ಚುತ್ತದೆ.

ಹಾಗಾದರೆ ಅದಕ್ಕೆ ಬೀಗ ಹಾಕಿ ಇಟ್ಟವರು ಯಾರು? ಕ್ಯಾಸ್ಪೇಸ್‌-8 ಎಂಬ ಕಿಣ್ವ. ಕೋಶಗಳ ಸಾವಿಗೆ ಸಂಬಂಧಿಸಿದ್ದೆಂದೇ ಹೆಸರಾಗಿದ್ದ ಈ ಕಿಣ್ವಕ್ಕೆ ಇಂಥ ಕೆಲಸವೂ ಇದೆ ಎಂದು ಕಾಲಿನ್ ಜಮೋರಾ ಅವರ ತಂಡ 2009ರಲ್ಲಿ ಇಲಿಗಳಲ್ಲಿ ತೋರಿಸಿತು. ಇಲಿಯ ಚರ್ಮದಿಂದ ಕ್ಯಾಸ್ಪೇಸ್‌-8 ತೆಗೆದರೆ, ಗಾಯವೇ ಇಲ್ಲದಿದ್ದರೂ ಚರ್ಮ ಗಾಯ ಮಾಯಿಸುವ ಕೆಲಸಕ್ಕೆ ಇಳಿಯಿತು!

ಸರಿ, ಗಾಯವಾಗಿದೆ ಎಂದು ಕೋಶಕ್ಕೆ ತಿಳಿಯುವುದು ಹೇಗೆ? ಅದೇ ತಂಡ ಇದಕ್ಕೆ ಉತ್ತರ ಹುಡುಕಿದ್ದು ನಮ್ಮ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ, ಪ್ರಕಟವಾದದ್ದು 2022ರಲ್ಲಿ. ನಮ್ಮ ಚರ್ಮ ತಮಟೆಗೆ ಬಿಗಿದ ತೊಗಲಿನಂತೆ ಸದಾ ಎಳೆತದಲ್ಲಿರುತ್ತದೆ. ಹರಿದರೆ ಬಿಗಿ ಸಡಿಲುತ್ತದೆ. ಆ ಸಡಿಲವೇ ಸುದ್ದಿ. ಆಗ ಡಿಎನ್‌ಎಂಟಿ3ಎ ಎಂಬ ಕಿಣ್ವ ಕೋಶಕೇಂದ್ರದೊಳಗೆ ಹೋಗಿ, ಕ್ಯಾಸ್ಪೇಸ್‌-8ರ ವಂಶವಾಹಿಗೆ ಮೀಥೈಲ್ ಗುಂಪುಗಳನ್ನು ಅಂಟಿಸುತ್ತದೆ. ವಂಶವಾಹಿಯ ಅಕ್ಷರ ಒಂದೂ ಬದಲಾಗುವುದಿಲ್ಲ. ಅದರ ಬಾಯಿಗೆ ಬಟ್ಟೆ ಕಟ್ಟಿದಂತಾಗುತ್ತದೆ, ಅಷ್ಟೆ. ಕ್ಯಾಸ್ಪೇಸ್‌-8 ಕುಸಿಯುತ್ತದೆ, ಬೀಗ ತೆರೆಯುತ್ತದೆ.

ತೆರೆದ ಬೀಗವನ್ನು ಮತ್ತೆ ಹಾಕಲೇಬೇಕು. ಗಾಯ ಮಾಯುತ್ತ ಬಂದಂತೆ ಕ್ಯಾಸ್ಪೇಸ್‌-8 ಮರಳುತ್ತದೆ. ಊತ ಇಳಿಯುತ್ತದೆ, ವಿಭಜನೆಯ ಭರಾಟೆಯೂ ತಗ್ಗುತ್ತದೆ. ಮರಳದಿದ್ದರೆ? ಕ್ಯಾಸ್ಪೇಸ್‌-8 ಕಾಯಂ ಆಗಿ ಇಲ್ಲದ ಇಲಿಗಳಲ್ಲಿ ಎಕ್ಸಿಮಾದಂಥ ಚರ್ಮರೋಗ ಕಾಣಿಸಿಕೊಂಡದ್ದು 2010ರಲ್ಲೇ ವರದಿಯಾಗಿದೆ. ಇಲ್ಲದ ಗಾಯವನ್ನು ಮಾಯಿಸಲು ಹೊರಟ ಚರ್ಮದ ಪಾಡು ಅದು.

ಹಾಗಾಗಿ ಮಂಡಿಯ ಊತ ಕಂಡು ಗಾಬರಿಯಾಗಬೇಕಿಲ್ಲ, ತೊಳೆದು ಚೊಕ್ಕಟವಾಗಿಟ್ಟುಕೊಳ್ಳಿ. ದಿನಗಳು ಉರುಳಿದರೂ ಅದು ಇಳಿಯದಿದ್ದರೆ, ಇಲ್ಲವೇ ಕೀವು, ಜ್ವರ ಬಂದರೆ ವೈದ್ಯರಲ್ಲಿಗೆ ಹೋಗಿ. ಊತ ಬರುವುದು ದೇಹದ ಕಸುಬು. ಹೊತ್ತಿಗೆ ಸರಿಯಾಗಿ ಹಿಂದಿರುಗುವುದು ಅದರ ಜಾಣ್ಮೆ.